ಹೆಲ್ಮೆಟ್ ಮೇಲಿನ ಕ್ಯಾಮೆರಾ, ಎದೆಯ ಮೇಲಿನ ಪಟ್ಟಿ

ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಕೈಡೈವಿಂಗ್ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ನಾನು ಜಿಗಿತ ಕಲಿತದ್ದೂ ಕ್ಯಾಮೆರಾ ಹೊತ್ತು ಜಿಗಿಯತೊಡಗಿದ್ದೂ ಅಮೆರಿಕದಲ್ಲಿ. ಆದ್ದರಿಂದ ನಿಯಮಗಳ ಮಾತು ಬಂದಲ್ಲೆಲ್ಲ ಅಲ್ಲಿನ ಪ್ಯಾರಾಶೂಟ್ ಸಂಘವಾದ ಯುಎಸ್‌ಪಿಎಯ ಶಿಫಾರಸುಗಳನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನಾನು ಟೆಕ್ಸಸ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಇದುವರೆಗೆ 70 ಜಿಗಿತಗಳಾಗಿವೆ, ಬಿ ಲೈಸೆನ್ಸ್ ಕೂಡ ಬಂದಿದೆ. ಹೆಲ್ಮೆಟ್ ಮೇಲೆ ಪುಟ್ಟದೊಂದು ಆಕ್ಷನ್ ಕ್ಯಾಮೆರಾ ಕೂರಿಸಿಕೊಳ್ಳುತ್ತೇನೆ ಎಂದರೆ ನಮ್ಮ ಡ್ರಾಪ್‌ಜೋನ್‌ನವರು (ಜಿಗಿತ ನಡೆಸುವ ಕೇಂದ್ರದವರು) 200 ಜಿಗಿತ ಮುಗಿಯಲಿ ಎನ್ನುತ್ತಾರೆ. ಅಂಗೈಯಲ್ಲಿ ಅಡಗುವ ವಸ್ತುವಿಗೆ ಇಷ್ಟು ಕಟ್ಟುಪಾಡು ಬೇಕೆ?
– ಓದುಗರು, ಡಲ್ಲಾಸ್

ಉತ್ತರ: ಬೇಕು. ಬಿಯ ಮುಂದಿನ ಹಂತವಾದ ಸಿ ಲೈಸೆನ್ಸ್ ಮತ್ತು ಕನಿಷ್ಠ 200 ಜಿಗಿತಗಳ ಅನುಭವ ಆದ ಮೇಲೆ ಕ್ಯಾಮೆರಾ ಧರಿಸಿ ಎಂಬುದು ಯುಎಸ್‌ಪಿಎಯ ಶಿಫಾರಸು. ಕ್ಯಾಮೆರಾ ಚಿಕ್ಕದಾದರೆ ಅದರಲ್ಲಿ ರಿಯಾಯಿತಿಯಿಲ್ಲ, ಏಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅದರ ತೂಕವಲ್ಲ, ಅದು ಎಳೆದುಕೊಳ್ಳುವ ಗಮನ. 13,000 ಅಡಿಯಲ್ಲಿ ವಿಮಾನ ಬಿಟ್ಟವರಿಗೆ ಪ್ಯಾರಾಶೂಟ್ ತೆರೆಯುವವರೆಗೆ ಸಿಗುವುದು ಸುಮಾರು ಒಂದು ನಿಮಿಷ. ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಇರುವುದರಿಂದ, ಐದಾರು ಸೆಕೆಂಡಿಗೊಮ್ಮೆ ಸಾವಿರ ಅಡಿ ಕೈಜಾರುತ್ತಿರುತ್ತದೆ. ರೆಕಾರ್ಡಿಂಗ್ ಶುರುವಾಗಿದೆಯೋ ಇಲ್ಲವೋ, ಗೆಳೆಯನ ಮುಖ ಚೌಕಟ್ಟಿನೊಳಗೆ ಇದೆಯೋ ಇಲ್ಲವೋ ಎಂದು ಮನಸ್ಸು ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅಷ್ಟು ಎತ್ತರ ಮುಗಿದಿರುತ್ತದೆ. ಎತ್ತರ ನೋಡುವುದು, ಸುತ್ತಲಿನವರ ಸ್ಥಾನ ಗಮನಿಸುವುದು, ದೂರ ಸರಿದು, ಮುಖ್ಯ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಪೈಲಟ್ ಚ್ಯೂಟ್ ಎಸೆಯುವುದು, ಇವೆಲ್ಲ ಯೋಚಿಸದೆಯೇ ಕೈಗೆ ಬರುವ ತನಕ ಇನ್ನೊಂದು ಕೆಲಸಕ್ಕೆ ತಲೆಯಲ್ಲಿ ಜಾಗವಿರುವುದಿಲ್ಲ. 70ನೇ ಜಿಗಿತದಲ್ಲಿ ಅವು ಬಂದಿವೆ ಎನಿಸುತ್ತದೆ; ನನಗೂ ಹಾಗೆಯೇ ಅನಿಸಿತ್ತು.

ಕ್ಯಾಮೆರಾ ಹೊತ್ತವನೊಬ್ಬನ ಗಮನ ಮಾತ್ರ ಕದಡುವುದೂ ಅಲ್ಲ. ಗುಂಪಿನಲ್ಲಿ ಒಂದು ಕ್ಯಾಮೆರಾ ಇದೆ ಎಂದು ತಿಳಿದೊಡನೆ ಉಳಿದವರೂ ಅದರ ಕಡೆಗೆ ತಿರುಗುತ್ತಾರೆ, ಹತ್ತಿರ ಬರಲು ನೋಡುತ್ತಾರೆ, ನೆಲದ ಮೇಲೆ ಒಪ್ಪಿಕೊಂಡ ಯೋಜನೆ ಸಡಿಲವಾಗುತ್ತದೆ.

ಎರಡನೆಯ ಕಾರಣ ಸಿಕ್ಕಿಕೊಳ್ಳುವಿಕೆ. ಪ್ಯಾರಾಶೂಟ್ ಬಿಚ್ಚಿಕೊಳ್ಳುವಾಗ ಅದರ ಹಗ್ಗಗಳಾದ ಲೈನ್‌ಗಳು ಹೆಗಲ ಹಿಂದಿನಿಂದ ತಲೆಯ ಪಕ್ಕದಲ್ಲೇ ಮೇಲಕ್ಕೆ ಹೋಗುತ್ತವೆ. ದೇಹ ಸ್ವಲ್ಪ ವಾಲಿದ್ದರೂ ಸಾಕು, ಹೆಲ್ಮೆಟ್ ಮೇಲೆ ಎದ್ದು ನಿಂತ ಯಾವುದೇ ಮೂಲೆ ಆ ಲೈನ್‌ಗೆ ಕೊಕ್ಕೆಯಾಗಬಹುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹಳೆಯ ಪ್ಯಾರಾಶೂಟಿನಿಂದ ತೆಗೆದ ಮಾರುದ್ದದ ಲೈನ್ ಒಂದನ್ನು ಪ್ಯಾರಾಶೂಟ್ ಮಡಚುವ, ರಿಪೇರಿ ಮಾಡುವ ರಿಗ್ಗರ್ ಹತ್ತಿರ ಕೇಳಿ ಪಡೆಯಿರಿ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು, ಲೈನಿನ ಎರಡೂ ತುದಿಗಳನ್ನು ಹಿಡಿದು, ಹಿಂದಿನಿಂದ ಮುಂದಕ್ಕೆ, ಎಡದಿಂದ ಬಲಕ್ಕೆ, ಓರೆಯಾಗಿ, ಎಲ್ಲ ದಿಕ್ಕಿನಿಂದಲೂ ಎಳೆಯಿರಿ. ಕ್ಯಾಮೆರಾದ ಜೊತೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಮೌಂಟ್ ಇದ್ದರೆ ಲೈನ್ ಮೊದಲು ನಿಲ್ಲುವುದು ಅದರ ತಿರುಪಿನ ಕಿವಿಯ ಕೆಳಗೆ. ಆಮೇಲೆ ಮೌಂಟಿಗೂ ಹೆಲ್ಮೆಟ್ಟಿಗೂ ನಡುವಿನ ಸಂದಿನಲ್ಲಿ. ಆ ಸಂದುಗಳನ್ನು ತುಂಬಿ, ಟೇಪು ಸುತ್ತಿ ನುಣುಪು ಮಾಡಿ, ಲೈನ್ ಎಲ್ಲಿಯೂ ನಿಲ್ಲದೆ ಜಾರಿಹೋಗುವವರೆಗೆ ಆ ಹೆಲ್ಮೆಟ್ ಜಿಗಿತಕ್ಕೆ ಸಿದ್ಧವಲ್ಲ. ಅಷ್ಟಾದರೂ ಗಲ್ಲಪಟ್ಟಿಯನ್ನು ಒಂದೇ ಕೈಯಿಂದ ಬಿಚ್ಚಿ ಹೆಲ್ಮೆಟ್ ಕಳಚುವ ವ್ಯವಸ್ಥೆ ಇರಲೇಬೇಕು. ಅದನ್ನು ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಎಡಗೈಯಿಂದಲೂ ಬಲಗೈಯಿಂದಲೂ ಅಭ್ಯಾಸ ಮಾಡಿರಬೇಕು.

ಮೂರನೆಯ ಕಾರಣ ನೆಲದ ಮೇಲೆಯೇ ನಡೆಯುವಂಥದು. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ನನಗೆ ಆರುನೂರಕ್ಕೂ ಹೆಚ್ಚು ಜಿಗಿತಗಳಾಗಿದ್ದ ಕಾಲದಲ್ಲಿ, ಒಂದು ಬೆಳಿಗ್ಗೆ ಮೆಮೊರಿ ಕಾರ್ಡ್ ತುಂಬಿದೆ ಎಂದು ಕ್ಯಾಮೆರಾ ತಕರಾರು ಮಾಡಿತು. ಅದನ್ನು ಬದಲಾಯಿಸುವ ಗಡಿಬಿಡಿಯಲ್ಲೇ ಹಾರ್ನೆಸ್ ಹಾಕಿಕೊಂಡು ವಿಮಾನ ಹತ್ತಿದೆ. ಒಂಬತ್ತು ಸಾವಿರ ಅಡಿ ದಾಟಿದ ಮೇಲೆ, ಎದುರು ಕುಳಿತಿದ್ದ, ಇನ್ನೂ ಅರವತ್ತು ಜಿಗಿತವೂ ಆಗಿರದ ಹುಡುಗಿಯೊಬ್ಬಳು ಮಾತಿಲ್ಲದೆ ನನ್ನ ಎದೆಯ ಕಡೆ ಬೆರಳು ತೋರಿಸಿದಳು. ಎದೆಪಟ್ಟಿಯ ತುದಿ ಬಕಲಿನೊಳಗೆ ಒಮ್ಮೆ ತೂರಿ ಹೊರಬಂದಿತ್ತು, ಆದರೆ ಅದನ್ನು ಮಡಚಿ ಮತ್ತೆ ಒಳಕ್ಕೆ ತೂರಿಸಿರಲಿಲ್ಲ. ಹಾಗೆ ಬಿಟ್ಟ ಪಟ್ಟಿ ನೋಡುವುದಕ್ಕೆ ಬಿಗಿಯಾಗಿಯೇ ಇರುತ್ತದೆ. ಪ್ಯಾರಾಶೂಟ್ ತೆರೆದು ಮೈಭಾರ ಬಿದ್ದಾಗ ಜಾರಿ ಬಿಚ್ಚಿಹೋಗುತ್ತದೆ. ಆ ಹುಡುಗಿಗೆ ನಾನು ಇಂದಿಗೂ ಋಣಿ.

ಇದರ ಪರಮಾವಧಿ ಎಂದರೆ 1988ರ ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲೈನಾದ ಲೂಯಿಸ್‌ಬರ್ಗ್‌ನಲ್ಲಿ ನಡೆದ ದುರಂತ. 800ಕ್ಕೂ ಹೆಚ್ಚು ಜಿಗಿತಗಳ ಅನುಭವವಿದ್ದ 35 ವರ್ಷದ ಜಿಗಿತಗಾರರೊಬ್ಬರು, ಒಬ್ಬ ಶಿಕ್ಷಕ ಮತ್ತು ಶಿಷ್ಯನ ಜಿಗಿತವನ್ನು ಚಿತ್ರೀಕರಿಸಲು ವಿಮಾನದಿಂದ ಹೊರಬಿದ್ದರು. ಬೆನ್ನಿನ ಮೇಲೆ ಪ್ಯಾರಾಶೂಟ್ ಇರಲೇ ಇಲ್ಲ. ಆ ಕಾಲದಲ್ಲಿ ವಿಡಿಯೊ ರೆಕಾರ್ಡರ್ ದೊಡ್ಡದಾಗಿತ್ತು, ಅದನ್ನೂ ಮೈಗೆ ಕಟ್ಟಿಕೊಳ್ಳಬೇಕಿತ್ತು. ಆ ಭಾರವೇ ಅವರಿಗೆ ಪ್ಯಾರಾಶೂಟಿನ ಭಾರದಂತೆ ತೋರಿರಬಹುದು. ಅಷ್ಟು ಅನುಭವಿಗೆ ಹೀಗಾದೀತೆ ಎಂದು ಕೇಳುವವರಿದ್ದಾರೆ. ಅನುಭವವಿದ್ದುದರಿಂದಲೇ ಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು, ಮನಸ್ಸು ಕ್ಯಾಮೆರಾದ ಮೇಲಿತ್ತು ಎಂದು ನಾನು ತಿಳಿಯುತ್ತೇನೆ.

ನನ್ನ ಅಭ್ಯಾಸ ಹೀಗಿದೆ. ಕ್ಯಾಮೆರಾದ ಬ್ಯಾಟರಿ, ಕಾರ್ಡು, ಲೆನ್ಸ್ ಒರೆಸುವುದು ಎಲ್ಲವನ್ನೂ ಮುಗಿಸಿ, ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಮಗುಚಿಟ್ಟ ಮೇಲೆಯೇ ಪ್ಯಾರಾಶೂಟಿಗೆ ಕೈ ಹಾಕುತ್ತೇನೆ. ಅಮೆರಿಕದಲ್ಲಿ ವಿದ್ಯಾರ್ಥಿಗಳಿಗೆ ಕಲಿಸುವ ಮೂರರ ತಪಾಸಣೆಯನ್ನು ಬೆರಳಿನಿಂದ ಮುಟ್ಟಿ ಮಾಡುತ್ತೇನೆ: ಎರಡೂ ಹೆಗಲ ಮೇಲೆ ಮುಖ್ಯ ಪ್ಯಾರಾಶೂಟನ್ನು ಹಿಡಿದಿರುವ ಮೂರು ಉಂಗುರಗಳ ಜೋಡಣೆ ಮತ್ತು ಅದರ ಜೊತೆಗಿರುವ ಆರ್‌ಎಸ್‌ಎಲ್ (ಮುಖ್ಯ ಪ್ಯಾರಾಶೂಟ್ ಕಳಚಿದೊಡನೆ ತುರ್ತಿನದನ್ನು ತೆರೆಯುವ ಪಟ್ಟಿ), ಎದೆಪಟ್ಟಿ, ಎರಡು ಕಾಲುಪಟ್ಟಿ ಸೇರಿ ಮೂರು ಕಟ್ಟುಗಳು, ಪೈಲಟ್ ಚ್ಯೂಟ್, ಮುಖ್ಯ ಪ್ಯಾರಾಶೂಟನ್ನು ಕಳಚುವ ಕಟ್‌ಅವೇ, ತುರ್ತಿನ ಪ್ಯಾರಾಶೂಟಾದ ರಿಸರ್ವ್ ಎಂಬ ಮೂರು ಹಿಡಿಕೆಗಳು. ಧರಿಸುವ ಮೊದಲೊಮ್ಮೆ, ವಿಮಾನ ಹತ್ತುವ ಮೊದಲೊಮ್ಮೆ, ಬಾಗಿಲು ತೆರೆಯುವ ಮೊದಲೊಮ್ಮೆ. ನಡುವೆ ಯಾರಾದರೂ ಮಾತನಾಡಿಸಿದರೆ ನಿಲ್ಲಿಸಿದ ಕಡೆಯಿಂದ ಮುಂದುವರಿಯದೆ ಮೊದಲಿನಿಂದ ಶುರು ಮಾಡುತ್ತೇನೆ. ನಿಮಗೆ ಉಳಿದಿರುವ 130 ಜಿಗಿತಗಳಲ್ಲಿ ಈ ರೂಢಿಯನ್ನು ಬೆಳೆಸಿಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಚಿತ್ರ ಬೇಕಿದ್ದರೆ ಅನುಭವಿ ಕ್ಯಾಮೆರಾದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ರಜೆ ಬಂದರೆ ಜಿಗಿಯಲು ಹೋಗುತ್ತಾನೆ. ನಾನು ಹೆದರಿದರೆ, "ಅಮ್ಮಾ, ಚೀಲದಲ್ಲಿ ಎಎಡಿ ಇದೆ, ನಾನು ಎಚ್ಚರ ತಪ್ಪಿದರೂ ಅದೇ ಪ್ಯಾರಾಶೂಟ್ ಬಿಚ್ಚುತ್ತದೆ" ಎನ್ನುತ್ತಾನೆ. ಇದು ನಿಜವೇ?
– ತಾಯಿಯೊಬ್ಬರು, ಮೈಸೂರು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ, ಅಮ್ಮಾ, ಆದರೆ ಅರ್ಧ. ಎಎಡಿ ಎಂಬುದು ಗಾಳಿಯ ಒತ್ತಡದಿಂದ ಎತ್ತರವನ್ನೂ ಬೀಳುವ ವೇಗವನ್ನೂ ಲೆಕ್ಕ ಹಾಕುವ ಪುಟ್ಟ ಯಂತ್ರ. ಜರ್ಮನಿಯ ಏರ್‌ಟೆಕ್ ಕಂಪನಿ 1991ರಲ್ಲಿ ತಂದ ಸೈಪ್ರೆಸ್ ಇವುಗಳಲ್ಲಿ ಹೆಸರುವಾಸಿ. ಅನುಭವಿಗಳಿಗಾಗಿ ಇರುವ ಮಾದರಿ, ನೆಲದಿಂದ ಸುಮಾರು 750 ಅಡಿ ಎತ್ತರದಲ್ಲೂ ವ್ಯಕ್ತಿ ಸೆಕೆಂಡಿಗೆ 35 ಮೀಟರ್‌ಗಿಂತ ವೇಗವಾಗಿ ಬೀಳುತ್ತಿದ್ದರೆ, ರಿಸರ್ವ್ ಪ್ಯಾರಾಶೂಟಿನ ಚೀಲವನ್ನು ಮುಚ್ಚಿ ಹಿಡಿದಿರುವ ಕುಣಿಕೆಯನ್ನು ಒಂದು ಸಣ್ಣ ಬ್ಲೇಡಿನಿಂದ ಕತ್ತರಿಸುತ್ತದೆ. ಇದರಿಂದ ಜೀವ ಉಳಿಸಿಕೊಂಡವರು ಅನೇಕರು.

ಆದರೆ ಮುಖ್ಯ ಪ್ಯಾರಾಶೂಟ್ ಅರ್ಧಂಬರ್ಧ ತೆರೆದು ಗಿರಗಿರ ಸುತ್ತುತ್ತಿದ್ದು, ಬೀಳುವ ವೇಗ ಆ ಮಿತಿಯನ್ನು ಮುಟ್ಟದಿದ್ದರೆ ಯಂತ್ರ ಸುಮ್ಮನಿರುತ್ತದೆ. ನೆಲ ಮುಟ್ಟುವಾಗ ಪೆಟ್ಟಾಗಲು ಆ ಕಡಿಮೆ ವೇಗವೇ ಸಾಕು. ಬೆಳಿಗ್ಗೆ ಅದನ್ನು ಆನ್ ಮಾಡಲು ಮರೆತಿದ್ದರೆ ಅದು ಇದ್ದೂ ಇಲ್ಲದಂತೆ. ಸೈಪ್ರೆಸ್ 14 ಗಂಟೆಗಳ ನಂತರ ತಾನಾಗಿ ಆರಿಹೋಗುವುದರಿಂದ ನಿನ್ನೆಯ ಆನ್ ಇವತ್ತಿಗೆ ಬರುವುದಿಲ್ಲ. ಇನ್ನೊಂದು ಸಂಗತಿ ಮನೆಯವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ: ಅನುಭವಿಗಳ ಅಪಘಾತಗಳಲ್ಲಿ ದೊಡ್ಡ ಪಾಲು ಪ್ಯಾರಾಶೂಟ್ ತೆರೆಯದೆ ಆಗುವುದಲ್ಲ, ಚೆನ್ನಾಗಿ ತೆರೆದ ಚಿಕ್ಕ, ವೇಗದ ಪ್ಯಾರಾಶೂಟನ್ನು ನೆಲದ ಹತ್ತಿರ ಜೋರಾಗಿ ತಿರುಗಿಸಲು ಹೋಗಿ ಆಗುವುದು. ಎಎಡಿಗೆ ಅಲ್ಲಿ ಮಾಡಲು ಏನೂ ಇಲ್ಲ. ಆದ್ದರಿಂದ ಮಗ ಫೋನ್ ಮಾಡಿದಾಗ ಎಎಡಿ ಬಗ್ಗೆ ಕೇಳಬೇಡಿ, "ನಿನ್ನ ಪ್ಯಾರಾಶೂಟ್ ಎಷ್ಟು ಚದರಡಿ, ಸಾಮಾನು ಸೇರಿ ನಿನ್ನ ತೂಕ ಎಷ್ಟು ಪೌಂಡ್?" ಎಂದು ಕೇಳಿ. ತೂಕವನ್ನು ಚದರಡಿಯಿಂದ ಭಾಗಿಸಿ: 180 ಪೌಂಡಿನವನು 180 ಚದರಡಿಯ ಕೆಳಗಿದ್ದರೆ ಲೆಕ್ಕ 1.0, ಅವನೇ 120 ಚದರಡಿಗೆ ಇಳಿದರೆ 1.5. ಈ ಅಂಕಿ ವರ್ಷದಿಂದ ವರ್ಷಕ್ಕೆ ಬೇಗಬೇಗನೆ ಏರುತ್ತಿದ್ದರೆ, ಯಾರ ಹತ್ತಿರ ಕಲಿಯುತ್ತಿದ್ದೀಯಾ ಎಂದು ವಿಚಾರಿಸಿ. ತಾಯಿಗೆ ಇಷ್ಟು ತಿಳಿದಿದೆ ಎಂದು ಗೊತ್ತಾದರೆ ಅವನೂ ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ಪ್ರಶ್ನೆ: ನನಗೆ 450 ಜಿಗಿತಗಳಾಗಿವೆ, ಸ್ಟಿಲ್ ಕ್ಯಾಮೆರಾ ಹೊತ್ತು ಟ್ಯಾಂಡಮ್ ಜಿಗಿತಗಳನ್ನು (ಶಿಕ್ಷಕರಿಗೆ ಕಟ್ಟಿಕೊಂಡು ಇನ್ನೊಬ್ಬರು ಜಿಗಿಯುವುದನ್ನು) ಚಿತ್ರೀಕರಿಸಲು ತಯಾರಾಗುತ್ತಿದ್ದೇನೆ. ಹಿರಿಯರು ಕೆಲವರು ಆರ್‌ಎಸ್‌ಎಲ್ ಬಿಚ್ಚಿಡು ಎನ್ನುತ್ತಾರೆ, ಇನ್ನು ಕೆಲವರು ಬೇಡ ಎನ್ನುತ್ತಾರೆ. ನಿಮ್ಮ ಅಭಿಪ್ರಾಯವೇನು?
– ಓದುಗರು, ಸಿಡ್ನಿ

ಉತ್ತರ: ಎರಡೂ ಕಡೆಯವರಿಗೆ ಕಾರಣವಿದೆ. ಹಾಳಾದ ಮುಖ್ಯ ಪ್ಯಾರಾಶೂಟನ್ನು ಕಳಚಿ ಬಿಟ್ಟ ಕ್ಷಣದಲ್ಲೇ, ಅದರ ಲೈನ್‌ಗಳನ್ನು ಹಾರ್ನೆಸ್‌ಗೆ ಜೋಡಿಸಿದ್ದು ಈಗ ಹೊರಟುಹೋಗುವ ರೈಸರ್‌ಗೆ ಕಟ್ಟಿದ ಪಟ್ಟಿಯೊಂದು ರಿಸರ್ವ್ ಪಿನ್ನನ್ನು ಎಳೆಯುತ್ತದೆ, ಅದೇ ಆರ್‌ಎಸ್‌ಎಲ್. ಸುತ್ತುತ್ತಿರುವ ದೇಹ ಇನ್ನೂ ಸ್ಥಿರವಾಗುವ ಮೊದಲೇ ರಿಸರ್ವ್ ಹೊರಬಂದರೆ ಲೈನ್‌ಗಳು ಕ್ಯಾಮೆರಾಕ್ಕೆ ಸುತ್ತಿಕೊಳ್ಳಬಹುದು ಎಂಬುದು ಬಿಚ್ಚಿಡುವವರ ವಾದ. ಹಳೆಯ, ಮೂಲೆಮೂಲೆಯ ಕ್ಯಾಮೆರಾ ಹೆಲ್ಮೆಟ್‌ಗಳ ಕಾಲದಲ್ಲಿ ಅದಕ್ಕೆ ತೂಕವಿತ್ತು. ಆದರೆ ಕಳಚಿದ ಮೇಲೆ ಸ್ಥಿರವಾಗಲು ಕಾಯುತ್ತಾ ಎತ್ತರ ಕಳೆದುಕೊಂಡವರ ಸಂಗತಿಗಳೂ ನಮ್ಮ ಮುಂದಿವೆ. 1970ರ ದಶಕದಲ್ಲಿ ಮೂರು ಉಂಗುರಗಳ ಬಿಡುಗಡೆ ವ್ಯವಸ್ಥೆಯನ್ನು ರೂಪಿಸಿದ ಬಿಲ್ ಬೂತ್ ಅವರೇ ಮುಂದೆ ತಂದ ಸ್ಕೈಹುಕ್‌ನಂಥ ವ್ಯವಸ್ಥೆಗಳಲ್ಲಿ, ಬಿಟ್ಟುಹೋಗುವ ಮುಖ್ಯ ಪ್ಯಾರಾಶೂಟೇ ದೊಡ್ಡ ಪೈಲಟ್ ಚ್ಯೂಟ್‌ನಂತೆ ರಿಸರ್ವನ್ನು ಎಳೆದು ತೆಗೆಯುತ್ತದೆ. ಲೈನ್‌ಗಳು ಬಿಗಿಯಾಗಿ ಹೊರಡುವುದರಿಂದ ಸಿಕ್ಕಿಕೊಳ್ಳುವ ಅವಕಾಶ ಕಡಿಮೆ. ನಿಮ್ಮ ರಿಗ್‌ನಲ್ಲಿ (ಹಾರ್ನೆಸ್, ಚೀಲ, ಪ್ಯಾರಾಶೂಟುಗಳು ಸೇರಿದ ಇಡೀ ಕಟ್ಟಿನಲ್ಲಿ) ಅಂಥದ್ದಿದ್ದರೆ ಬಿಚ್ಚಿಡಬೇಡಿ ಎಂದು ಖಚಿತವಾಗಿ ಹೇಳುತ್ತೇನೆ. ಬರೀ ಆರ್‌ಎಸ್‌ಎಲ್ ಇದ್ದರೂ ನನ್ನ ಮತ ಅದನ್ನು ಕಟ್ಟಿಕೊಂಡೇ ಇರುವ ಕಡೆಗೆ. ಹೆಲ್ಮೆಟ್ಟನ್ನು ನುಣುಪು ಮಾಡಿಕೊಳ್ಳುವುದು ನಮ್ಮ ಕೈಯಲ್ಲಿದೆ, ಕಳೆದ ಎತ್ತರವನ್ನು ವಾಪಸು ತರುವುದು ಯಾರ ಕೈಯಲ್ಲೂ ಇಲ್ಲ. ಲೈನ್ ಕ್ಯಾಮೆರಾಕ್ಕೆ ಸಿಕ್ಕಿದ್ದು ಗೊತ್ತಾದರೆ, ಎತ್ತರವಿರುವಾಗ ಮೊದಲು ಕಳಚಬೇಕಾದದ್ದು ಹೆಲ್ಮೆಟ್.

ಸ್ಟಿಲ್ ಕ್ಯಾಮೆರಾದ ಭಾರ ತೆರೆಯುವ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ. ಪೈಲಟ್ ಚ್ಯೂಟ್ ಎಸೆದ ಮೇಲೆ ಲೆನ್ಸ್‌ನಲ್ಲಿ ಟ್ಯಾಂಡಮ್‌ನವರನ್ನು ಹಿಂಬಾಲಿಸುತ್ತಾ ತಲೆ ಓರೆ ಮಾಡಿರಬೇಡಿ. ಹೆಗಲುಗಳು ಸಮವಾಗಿರಲಿ, ನೋಟ ದಿಗಂತದ ಮೇಲಿರಲಿ. ನಿಧಾನವಾಗಿ ತೆರೆಯುವ ಪ್ಯಾರಾಶೂಟ್ ಆರಿಸಿಕೊಳ್ಳಿ. ತೋಳಿಗೆ ರೆಕ್ಕೆಯಿರುವ ಕ್ಯಾಮೆರಾ ಜಾಕೆಟ್ ಹಾಕಿಕೊಂಡ ಮೇಲೆ ಕಟ್‌ಅವೇ ಹಿಡಿಕೆ ಕಣ್ಣಿಗೂ ಕೈಗೂ ಸಿಗುತ್ತದೆಯೇ ಎಂದು ಪ್ರತಿಸಲ ನೋಡಿ. ಟ್ಯಾಂಡಮ್ ತೆರೆಯುವಾಗ ಅದರ ನೇರ ಮೇಲೆ ಎಂದೂ ಇರಬೇಡಿ.

ಪ್ರಶ್ನೆ: ಕೆಲಸದ ಮೇಲೆ ಎರಡು ವರ್ಷ ಅರಿಜೋನಾಕ್ಕೆ ಹೋಗುತ್ತಿದ್ದೇನೆ, ಅಲ್ಲಿನ ಎಲಾಯ್ ಎಂಬ ಊರಿನಲ್ಲಿ ಜಿಗಿಯುವ ಆಸೆ. ಸೆಕೆಂಡ್ ಹ್ಯಾಂಡ್ ರಿಗ್ ಕೊಳ್ಳುವಾಗ ಏನು ನೋಡಬೇಕು?
– ಓದುಗರು, ಬೆಂಗಳೂರು

ಉತ್ತರ: ಮಾರುವವರ ಮಾತಿನ ಮೇಲೆ ಹಣ ಕೊಡದೆ, ನೀವೇ ಆರಿಸಿದ ರಿಗ್ಗರ್ ಒಬ್ಬರಿಗೆ ತೋರಿಸಿ. ಹಾರ್ನೆಸ್ ನಿಮ್ಮ ಮೈಗೆ ಸರಿಹೊಂದಬೇಕು. ಎಎಡಿ ತಯಾರಾದ ದಿನಾಂಕ ನೋಡಿ, ಅದಕ್ಕೆ ನಿಗದಿಯಾದ ಆಯುಷ್ಯದಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಬೇಕು. ಮುಖ್ಯ ಪ್ಯಾರಾಶೂಟಿನ ಲೈನ್‌ಗಳು ನವೆದಿವೆಯೇ ಎಂದು ಕೈಯಾಡಿಸಿ ನೋಡಬೇಕು. ಅಮೆರಿಕದಲ್ಲಿ ರಿಸರ್ವ್ ಪ್ಯಾರಾಶೂಟನ್ನು 180 ದಿನಗಳೊಳಗೆ ಲೈಸೆನ್ಸ್ ಇರುವ ರಿಗ್ಗರ್ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿರಬೇಕು. ರಿಗ್‌ನ ಜೇಬಿನಲ್ಲಿರುವ ಕಾರ್ಡಿನಲ್ಲಿ ಆ ದಿನಾಂಕವೂ ಸಹಿಯೂ ಇರುತ್ತವೆ. ರಿಸರ್ವ್ ಪಿನ್ನಿನ ಮುಚ್ಚಳ ಎತ್ತಿದರೆ ತೆಳುವಾದ ಕೆಂಪು ದಾರವೂ ಅದರ ತುದಿಯಲ್ಲಿ ಸೀಸದ ಪುಟ್ಟ ಮುದ್ರೆಯೂ ಕಾಣಬೇಕು. ಆ ದಾರ ಕಡಿದಿದ್ದರೆ, ಅಥವಾ ಮುದ್ರೆಯ ಗುರುತು ಕಾರ್ಡಿನಲ್ಲಿರುವುದಕ್ಕೆ ಹೊಂದದಿದ್ದರೆ, ರಿಗ್ಗರ್ ಹೊಸದಾಗಿ ಮಡಚಿ ಮುದ್ರೆ ಹಾಕುವವರೆಗೆ ಆ ರಿಗ್ ಹಾಕಿಕೊಂಡು ವಿಮಾನ ಹತ್ತಬೇಡಿ.