ಮಗುವಿಗೆ ಶಾಲೆಯಲ್ಲೊಂದು ಕೆಲಸ ಇರಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪೋಷಕರು ಮತ್ತು ಶಿಕ್ಷಕರು ಬರೆದವು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿ. ಜುಲೈನಲ್ಲಿ ಮಳೆಗೆ ರಜೆ ಮೇಲೆ ರಜೆ ಬಂತು. ಅಲ್ಲಿಂದ ಈಚೆಗೆ ಬೆಳಗಾದರೆ ಹೊಟ್ಟೆನೋವು ಅನ್ನುತ್ತಾನೆ. ಹತ್ತು ಗಂಟೆ ದಾಟಿದರೆ ಆಟಕ್ಕೆ ಓಡುತ್ತಾನೆ. ಹೊಡೆದದ್ದೂ ಆಯಿತು, ಚಾಕೊಲೇಟ್ ಕೊಟ್ಟದ್ದೂ ಆಯಿತು. ಸುಳ್ಳು ಹೇಳುತ್ತಿದ್ದಾನಾ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ಸುಳ್ಳು ಎಂದು ಮೊದಲೇ ತೀರ್ಮಾನ ಮಾಡಬೇಡಿ. ಒಳಗೆ ಹೆದರಿಕೆಯಿದ್ದಾಗ ಮಕ್ಕಳಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಶಾಲೆಯ ಹೊತ್ತು ಮೀರಿತು ಎಂದು ಗೊತ್ತಾದೊಡನೆ ನೋವೂ ಇಳಿಯುತ್ತದೆ. ಹತ್ತರ ಮೇಲೆ ಆಡುತ್ತಾನೆಂಬ ಒಂದೇ ಕಾರಣಕ್ಕೆ ನಾಟಕ ಅನ್ನಲಾಗದು. ಆದರೆ ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ವಾಂತಿ, ತೂಕ ಇಳಿಯುವುದು, ಮಲದಲ್ಲಿ ರಕ್ತ, ಮೂತ್ರ ಮಾಡುವಾಗ ಉರಿ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರಿಗೆ ತೋರಿಸಿ.

ದೊಡ್ಡವರು ಕೇಳಲು ಮರೆಯುವ ಇನ್ನೊಂದು ಸಂಗತಿ ಶಾಲೆಯ ಶೌಚಾಲಯ. ಬಾಗಿಲಿಗೆ ಚಿಲಕವಿಲ್ಲ, ನೀರಿಲ್ಲ, ಹೋಗುವ ದಾರಿಯಲ್ಲಿ ಇಂಬಳ (ಜಿಗಣೆ) ಎಂದರೆ ಮಕ್ಕಳು ಬೆಳಗ್ಗಿಂದ ಸಂಜೆವರೆಗೆ ಕಟ್ಟಿಕೊಂಡು ಕೂರುತ್ತಾರೆ. ಅದರ ಭಯಕ್ಕೆ ನೀರನ್ನೂ ಕುಡಿಯುವುದಿಲ್ಲ. ಆಮೇಲೆ ಮಲಬದ್ಧತೆ, ಅದರಿಂದ ಹೊಟ್ಟೆನೋವು. ಬೆಳಗಿನ ತಿಂಡಿ ಆದ ಮೇಲೆ ಹತ್ತು ನಿಮಿಷ ಆತುರಪಡಿಸದೆ ಶೌಚಕ್ಕೆ ಕಳಿಸಿ. ಶಾಲೆಯ ಶೌಚಾಲಯವನ್ನು ನೀವೇ ಒಮ್ಮೆ ಹೋಗಿ ನೋಡಿ.

ಇದೂ ಅಲ್ಲವೆಂದರೆ ಎರಡು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಯಾವ ದಿನ ನೋವು ಬಂತು, ಅವತ್ತು ಶಾಲೆಯಲ್ಲಿ ಏನಿತ್ತು. ಸೋಮವಾರ ಮಾತ್ರವಾದರೆ ರಜೆಯಿಂದ ಎದ್ದು ಹೊರಡುವುದೇ ಕಷ್ಟ. ಬೇರೊಂದು ನಿರ್ದಿಷ್ಟ ದಿನವಾದರೆ ಅವತ್ತಿನ ಪಾಠ, ಇಲ್ಲವೇ ಎಲ್ಲರೆದುರು ನಿಂತು ಓದುವ ಸರದಿ. ‘ಯಾಕೆ ಹೋಗಲ್ಲ?’ ಎಂದು ಕೇಳಿದರೆ ಮಗುವಿಗೆ ಉತ್ತರ ಹೊಳೆಯುವುದಿಲ್ಲ. ‘ಇವತ್ತು ಊಟಕ್ಕೆ ಯಾರ ಪಕ್ಕ ಕೂತೆ?’ ಅಂದರೆ ಕಥೆ ತಾನಾಗಿ ಬರುತ್ತದೆ.

ಮಳೆ ರಜೆ ಮುಗಿಸಿ ಬಂದ ಮಗುವಿಗೆ ಪಾಠ ಮುಂದೆ ಹೋಗಿಬಿಟ್ಟಿದೆ ಎಂಬ ದಿಗಿಲೂ ಇರಬಹುದು. ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯವರೆಗೆ ನಲಿಕಲಿ, ಅಂದರೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ. ಪಾಠಗಳನ್ನು ಮೆಟ್ಟಿಲುಗಳಾಗಿ ಜೋಡಿಸಿದ ಅದರ ಕಲಿಕಾ ಏಣಿಯಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬೇಕು. ‘ನನ್ನ ಮಗ ಈಗ ಯಾವ ಮೆಟ್ಟಿಲಲ್ಲಿದ್ದಾನೆ, ಮೇಡಂ?’ ಎಂದೇ ಕೇಳಿ. ‘ಹೇಗೆ ಓದ್ತಾನೆ?’ ಅಂದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಕ್ಕೀತು, ಅಷ್ಟೆ.

ನಮ್ಮ ಮುಖ್ಯ ಸಲಹೆ ಇದು: ಅವನಿಲ್ಲದಿದ್ದರೆ ನಿಲ್ಲುವಂಥ ಒಂದು ಕೆಲಸವನ್ನು ಶಾಲೆಯಲ್ಲಿ ಅವನಿಗೆ ಕೊಡಿಸಿ. ನಿಮ್ಮೂರಿಗೆ ಹೇಳಿಮಾಡಿಸಿದ್ದು ಮಳೆ ಅಳೆಯುವುದು. ಮೇಲಿಂದ ಕೆಳಗೆ ಒಂದೇ ಅಗಲವಿರುವ ಎರಡು ಲೀಟರಿನ ಬಾಟಲಿಯ ಕತ್ತು ಕತ್ತರಿಸಿ, ಆ ತುಂಡನ್ನು ಆಲಿಕೆಯ ಹಾಗೆ ತಲೆಕೆಳಗಾಗಿ ಇಡಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಕಲ್ಲು ತುಂಬಿ, ಅದು ಮುಳುಗುವಷ್ಟು ನೀರು ಹಾಕಿ. ಆ ನೀರಿನ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಸ್ಕೇಲ್ ಅಂಟಿಸಿ. ನಿಮ್ಮ ಕಡೆ ಒಂದೇ ದಿನ ನೂರು ಮಿಲಿಮೀಟರ್ ದಾಟುವುದುಂಟು, ಹಾಗಾಗಿ ಸೊನ್ನೆಯ ಮೇಲೆ ಹದಿನೈದು ಸೆಂಟಿಮೀಟರಾದರೂ ಜಾಗ ಬೇಕು. ಬಾಯಿ ಅಗಲ, ಒಡಲು ಸಣ್ಣ ಇರುವ ಬಾಟಲಿಯಾದರೆ ಲೆಕ್ಕ ಜಾಸ್ತಿ ತೋರಿಸುತ್ತದೆ. ಮರದಡಿ, ಸೂರಿನಂಚಿಗೆ ಇಟ್ಟರೂ ತಪ್ಪು ಲೆಕ್ಕವೇ. ದಿನಾ ಒಂದೇ ಹೊತ್ತಿಗೆ ಓದಿ, ಗೋಡೆಯ ಹವಾಮಾನ ನಕ್ಷೆಯ ಪಕ್ಕ ಬರೆದು, ನೀರನ್ನು ಮತ್ತೆ ಸೊನ್ನೆಗೆ ತರಬೇಕು. ಅವನು ಹೋಗದಿದ್ದರೆ ಅವತ್ತಿನ ಚೌಕ ಖಾಲಿ.

ಮನೆಯಲ್ಲೇ ಉಳಿದ ದಿನ ಟಿವಿ, ಮೊಬೈಲ್ ಬೇಡ. ಗಂಜಿ, ಚಾಪೆ, ವಿಶ್ರಾಂತಿ ಸಾಕು. ಹನ್ನೊಂದಕ್ಕೆ ನೋವು ಇಳಿದರೆ ಹನ್ನೊಂದಕ್ಕೇ ಕರೆದೊಯ್ಯಿರಿ. ತಡವಾಗಿ ಹೋದರೂ ಹೋದ ಹಾಗೆಯೇ.

ಪ್ರಶ್ನೆ: ತಿಂಗಳು ಪೂರ್ತಿ ತಪ್ಪದೆ ಬಂದವರಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯಿಂದ ಜಾಮೆಟ್ರಿ ಬಾಕ್ಸ್, ಪೆನ್ನು ಕೊಟ್ಟೆವು. ಮೊದಲೆರಡು ತಿಂಗಳು ಹಾಜರಾತಿ ಏರಿತು, ಆಮೇಲೆ ಮೊದಲಿಗಿಂತಲೂ ಕೆಳಗಿಳಿಯಿತು. ದುಡ್ಡು ಕಮ್ಮಿಯಾಯಿತೇ?
– ಎಸ್‌ಡಿಎಂಸಿ ಅಧ್ಯಕ್ಷರು, ಅರಸೀಕೆರೆ ತಾಲ್ಲೂಕು

ಉತ್ತರ: ದುಡ್ಡಿನ ಮಾತಲ್ಲ. ಆರನೇ ತಾರೀಕಿಗೆ ಜ್ವರ ಬಂದು ಮಲಗಿದ ಮಗುವಿಗೆ ಆ ತಿಂಗಳ ಬಹುಮಾನ ಅಲ್ಲಿಗೇ ತಪ್ಪಿತು. ಉಳಿದ ದಿನ ಬರಲು ನಿಮ್ಮ ಯೋಜನೆಯಲ್ಲಿ ಅದಕ್ಕೆ ಕಾರಣವೇ ಇಲ್ಲ. ತಪ್ಪದೆ ಬರುತ್ತಿದ್ದ ಮಕ್ಕಳದ್ದು ಬೇರೆ ಪಾಡು. 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬರೆದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು. ಕೆಲದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಹೇಳದೇ ಇದ್ದಕ್ಕಿದ್ದಂತೆ ಕೊಟ್ಟವರಲ್ಲಿ ಹಾಗಾಗಲಿಲ್ಲ. ಇಷ್ಟಪಟ್ಟು ಮಾಡುತ್ತಿದ್ದುದು ಕೂಲಿಗೆ ಮಾಡಿದಂತಾಗಿಬಿಡುತ್ತದೆ.

ಆ ದುಡ್ಡಿನಲ್ಲಿ ಒಂದು ಕೇರಂ ಬೋರ್ಡು, ಎರಡು ವಾಲಿಬಾಲ್, ಕಥೆ ಪುಸ್ತಕ ತನ್ನಿ. ಎಲ್ಲರಿಗೂ ಸೇರಿದ್ದಾಗಲಿ. ಹಾಜರಾತಿಯನ್ನು ಒಬ್ಬೊಬ್ಬರದ್ದಾಗಿ ಹಾಕದೆ ಇಡೀ ತರಗತಿಯದ್ದಾಗಿ ಗೋಡೆಗೆ ಹಾಕಿ. ಎರಡು ದಿನ ಬಾರದವನ ಮನೆಗೆ ಸಂಜೆ ಒಬ್ಬ ಗೆಳೆಯ ಹೋಗಿ ‘ನಾಳೆ ಬಾರೋ, ನಿನ್ನ ಬಿಟ್ಟು ಟೀಮ್ ಆಗಲ್ಲ’ ಅಂದರೆ ಪೆನ್ನಿಗಿಂತ ಕೆಲಸ ಮಾಡುತ್ತದೆ. ಒಂದು ದಿನವೂ ತಪ್ಪದವರಿಗೆ ಶಾಲಾ ವಾರ್ಷಿಕೋತ್ಸವದಲ್ಲಿ ಟ್ರೋಫಿ ಕೊಡುವ ಪದ್ಧತಿ ಹಲವೆಡೆ ಇದೆ. ನಮಗಂತೂ ಅದು ಸರಿಕಾಣುವುದಿಲ್ಲ, ಜ್ವರದಲ್ಲೂ ಮಗುವನ್ನು ಕಳಿಸುವ ಅಪ್ಪ-ಅಮ್ಮಂದಿರನ್ನು ಅದು ತಯಾರು ಮಾಡುತ್ತದೆ.

ಪ್ರಶ್ನೆ: ನಾಲ್ಕನೇ ತರಗತಿಯ ಮಗಳಿಗೆ ದಿನಾ ಎರಡು ಗಂಟೆ ಹೋಮ್‌ವರ್ಕ್. ಬರೆದು ಮುಗಿಸುತ್ತಾಳೆ, ಪುಸ್ತಕ ಓದು ಅಂದರೆ ಮುಖ ಸಿಂಡರಿಸುತ್ತಾಳೆ. ಜಾಣೆ, ಆದರೆ ಓದಿನಲ್ಲಿ ಆಸಕ್ತಿ ಇಲ್ಲ.
– ಒಬ್ಬ ತಂದೆ, ಹಾಸನ ನಗರ

ಉತ್ತರ: ತರಗತಿಗೆ ಹತ್ತು ನಿಮಿಷ ಎಂಬುದು ಹೋಮ್‌ವರ್ಕಿನ ಒಂದು ಸರಳ ಅಳತೆ. ನಾಲ್ಕಕ್ಕೆ ನಲವತ್ತು. ಎರಡು ಗಂಟೆ ಏತಕ್ಕೆ ಹೋಗುತ್ತಿದೆ ಎಂದು ಒಂದು ವಾರ ಬರೆದಿಟ್ಟು ತರಗತಿ ಶಿಕ್ಷಕರಿಗೆ ತೋರಿಸಿ. ಬಹಳಷ್ಟು ಸಲ ಅದು ಪ್ರಶ್ನೋತ್ತರ ನಕಲು ಮಾಡುವ ಹೊತ್ತು. ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದೆಂದು, ಮೂರರಿಂದ ಐದನೇ ತರಗತಿಯ ಬ್ಯಾಗಿನ ತೂಕ 2ರಿಂದ 3 ಕಿಲೋ ಮೀರಬಾರದೆಂದು ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲೇ ಸುತ್ತೋಲೆ ಹೊರಡಿಸಿದೆ. ಮನೆಯ ತಕ್ಕಡಿಯಲ್ಲಿ ಬ್ಯಾಗನ್ನು ತೂಗಿ ನೋಡಿ.

ಓದಿಗೆ ರಾತ್ರಿ ಹದಿನೈದು ನಿಮಿಷ ಸಾಕು. ಪುಸ್ತಕ ಅವಳೇ ಆರಿಸಲಿ. ಒಂದು ಪುಟದಲ್ಲಿ ಐದು ಪದಕ್ಕಿಂತ ಹೆಚ್ಚು ತಡವರಿಸಿದರೆ ಆ ಪುಸ್ತಕ ಸದ್ಯಕ್ಕೆ ಕಷ್ಟ, ಬದಲಿಸಿ. ಒಂದು ಪುಟ ನೀವು, ಒಂದು ಪುಟ ಅವಳು. ಮುಗಿದ ಮೇಲೆ ನೀತಿ ಏನು ಎಂದು ಮಾತ್ರ ಕೇಳಬೇಡಿ.

‘ಜಾಣೆ’ ಅನ್ನುವುದನ್ನೂ ತುಸು ಕಡಿಮೆ ಮಾಡಿ. ಜಾಣತನಕ್ಕೆ ಹೊಗಳಿಸಿಕೊಂಡ ಮಕ್ಕಳು ಮುಂದೆ ಸುಲಭದ ಲೆಕ್ಕವನ್ನೇ ಆರಿಸುತ್ತಾರೆ, ಒಮ್ಮೆ ಸೋತರೆ ಬೇಗ ಕೈಬಿಡುತ್ತಾರೆ ಎಂದು ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ತೋರಿಸಿದರು. ‘ಎರಡನೇ ಸಾಲು ಅಳಿಸಿ ಮತ್ತೆ ಬರೆದೆಯಲ್ಲ, ಈಗ ಸ್ಪಷ್ಟವಾಯಿತು’ ಎಂದು ಕಂಡದ್ದನ್ನು ಹೇಳಿ.

ಪ್ರಶ್ನೆ: ನಮ್ಮದು ಒಂದರಿಂದ ಐದರವರೆಗಿನ ಶಾಲೆ, ಇಬ್ಬರೇ ಶಿಕ್ಷಕರು. ನವೆಂಬರಿನಲ್ಲಿ ಕಾಫಿ ಕುಯ್ಲಿಗೆ ಬಂದವರ ಮಕ್ಕಳು ಲೈನ್ ಮನೆಗಳಿಂದ (ತೋಟದ ಕೂಲಿಯವರ ಸಾಲುಮನೆ) ಬರುತ್ತಾರೆ. ಕನ್ನಡ ಬಾರದು, ದಾಖಲೆಯೂ ಇಲ್ಲ. ನಮ್ಮ ಮಕ್ಕಳು ಅವರನ್ನು ಸೇರಿಸಿಕೊಳ್ಳುವುದಿಲ್ಲ. ಫೆಬ್ರುವರಿ ಹೊತ್ತಿಗೆ ಹೊರಟೇಹೋಗುತ್ತಾರೆ.
– ಸಹಶಿಕ್ಷಕಿ, ಸಕಲೇಶಪುರ ತಾಲ್ಲೂಕು

ಉತ್ತರ: ದಾಖಲೆಯ ಚಿಂತೆ ಬಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ (ವರ್ಗಾವಣೆ ಪತ್ರ) ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು, ವರ್ಷದ ನಡುವೆ ಬಂದರೆಂದು ದಾಖಲಾತಿ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಒಂಬತ್ತರ ಹುಡುಗನನ್ನು ಅಕ್ಷರ ಬಾರದೆಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ವಾರದಲ್ಲಿ ತೋಟಕ್ಕೆ ವಾಪಸು ಹೋಗುತ್ತಾನೆ.

ಮೊದಲ ದಿನ ಮಾಡಬೇಕಾದ್ದು ಎರಡೇ. ಹೆಸರನ್ನು ಅವರ ಮನೆಯವರು ಕರೆಯುವಂತೆಯೇ ಕರೆಯಲು ನೀವು ಮೊದಲು ಕಲಿಯಿರಿ, ಆಮೇಲೆ ಇಡೀ ತರಗತಿ ಕಲಿಯಲಿ. ‘ಏ ಅಸ್ಸಾಮಿ’ ಎಂಬುದು ಹೆಸರಲ್ಲ, ಅದು ಹುಟ್ಟಿಕೊಂಡ ದಿನವೇ ನಿಲ್ಲಿಸಿ. ಎರಡನೆಯದು, ನೀರು, ಊಟ, ಶೌಚ, ನೋವು, ಸಾಕು, ಗೊತ್ತಾಗಲಿಲ್ಲ ಎಂಬ ಆರು ಮಾತಿಗೆ ಚಿತ್ರದ ಚೀಟಿ ಮಾಡಿ ಗೋಡೆಗೆ ಹಾಕಿ. ಮಗು ಬೆರಳು ತೋರಿಸಿದರೆ ಸಾಕು.

ಜೊತೆಗಾರನನ್ನು ಗೊತ್ತುಮಾಡುವಾಗ ತರಗತಿಯ ಮೊದಲ ರ‍್ಯಾಂಕಿನವನನ್ನು ಆರಿಸಬೇಡಿ, ಅವನು ಉತ್ತರವನ್ನು ತಾನೇ ಹೇಳಿಬಿಡುತ್ತಾನೆ. ಮಾತು ಜಾಸ್ತಿ, ಆಟ ಜಾಸ್ತಿ ಇರುವ ಮಗು ಒಳ್ಳೆಯದು. ವಾರಕ್ಕೊಮ್ಮೆ ಬದಲಿಸಿ. ಒಬ್ಬರ ಮೇಲೇ ಬಿಟ್ಟರೆ ಬೇಸರ ಬಂದು ದೂರ ತಳ್ಳುತ್ತಾರೆ. ಹೊಸಬರನ್ನೆಲ್ಲ ಹಿಂದಿನ ಸಾಲಿನಲ್ಲಿ ಒಟ್ಟಿಗೆ ಕೂರಿಸಿದರಂತೂ ನೀವೇ ಗೆರೆ ಎಳೆದ ಹಾಗೆ.

ಭಾಷೆ ಬರುವ ಮೊದಲೇ ಗಣಿತ ಶುರುಮಾಡಬಹುದು. ನೂರು ಹುಣಸೆ ಬೀಜ, ಹತ್ತು ಬಟ್ಟಲು. ಹತ್ತರ ಗುಂಪು ಮಾಡುವುದು, ಒಂದು ಗುಂಪು ಒಡೆದು ಕಳೆಯುವುದು, ಇದಕ್ಕೆ ಕನ್ನಡ ಬೇಕಿಲ್ಲ. ಅಲ್ಲಿ ಹೊಸ ಹುಡುಗಿ ಎಲ್ಲರಿಗಿಂತ ಬೇಗ ಮುಗಿಸಿದಳು ಎನ್ನಿ, ಮಧ್ಯಾಹ್ನ ಕುಂಟೆಬಿಲ್ಲೆಗೆ ಅವಳನ್ನು ಯಾರೂ ಕರೆಯದೆ ಬಿಡುವುದಿಲ್ಲ. ಅವಳ ಭಾಷೆಯಲ್ಲಿ ಒಂದರಿಂದ ಹತ್ತು ಎಣಿಸುವುದನ್ನು ಅವಳಿಂದಲೇ ತರಗತಿಗೆ ಹೇಳಿಕೊಡಿಸಿ, ಪ್ರಾರ್ಥನೆಯ ವೇಳೆ ಸಾಲು ಎಣಿಸಲು ಅದನ್ನೇ ಬಳಸಿ.

ಹೊರಡುವ ದಿನ ಮುಂಚಿತವಾಗಿ ಗೊತ್ತಾಗುವುದಿಲ್ಲ. ಜನವರಿ ಮುಗಿಯುವುದರೊಳಗೆ ಯಾವ ಹಂತದವರೆಗೆ ಕಲಿತಿದ್ದಾರೆ ಎಂದು ಒಂದು ಹಾಳೆಯಲ್ಲಿ ಬರೆದು, ಮೊಹರು ಹಾಕಿ ತಂದೆತಾಯಿಯ ಕೈಗೆ ಕೊಡಿ. ಮುಂದಿನ ಊರಿನ ಶಿಕ್ಷಕರಿಗೆ ಅಷ್ಟಾದರೂ ಇರಲಿ.

ಪ್ರಶ್ನೆ: ಮಕ್ಕಳೇ ತಮ್ಮ ಮಂತ್ರಿಗಳನ್ನು ಆರಿಸುವ ಶಾಲಾ ಸಂಸತ್ತು ಮಾಡಿದ್ದೇವೆ. ಚುನಾವಣೆ ಜೋರಾಗಿಯೇ ನಡೆಯಿತು, ಆಮೇಲೆ ಮಂತ್ರಿಗಳಿಗೆ ಕೆಲಸವೇ ಇಲ್ಲ. ನಿಜವಾದ ಜವಾಬ್ದಾರಿ ಹೇಗೆ ಕೊಡುವುದು?
– ಮುಖ್ಯಶಿಕ್ಷಕರು, ಬೇಲೂರು ತಾಲ್ಲೂಕು

ಉತ್ತರ: ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಲೀಡರ್ ಕೆಲಸವನ್ನು ಮೊದಲು ತೆಗೆದುಹಾಕಿ. ಅದು ಮಗುವನ್ನು ಪೊಲೀಸ್ ಮಾಡುತ್ತದೆ, ಗೆಳೆತನವನ್ನೂ ಕೆಡಿಸುತ್ತದೆ.

ಆಹಾರ ಮಂತ್ರಿಗೆ ಲೆಕ್ಕ ಕೊಡಿ. ಒಂದರಿಂದ ಐದನೇ ತರಗತಿಯ ಬಿಸಿಯೂಟಕ್ಕೆ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20, ತರಕಾರಿ 50, ಎಣ್ಣೆ 5. ಅವತ್ತು 42 ಮಕ್ಕಳಾದರೆ ಅಕ್ಕಿ 4.2 ಕಿಲೋ, ಬೇಳೆ 840 ಗ್ರಾಂ. ಐದನೇ ತರಗತಿಯವರು ಹಾಜರಿ ಎಣಿಸಿ, ಈ ಗುಣಾಕಾರ ಮಾಡಿ ಚೀಟಿಯನ್ನು ಅಡುಗೆ ಅಮ್ಮನಿಗೆ ಕೊಡಲಿ. ಒಂದು ಸೊನ್ನೆ ತಪ್ಪಿದರೆ ಏನಾಗುತ್ತದೆಂದು ಅಲ್ಲೇ ತಿಳಿಯುತ್ತದೆ. ಊಟವಾದ ಮೇಲೆ ಮಿಕ್ಕ ಅನ್ನವನ್ನು ತೂಗಿ ಬರೆಯಲಿ. ವಾರದ ಯಾವ ದಿನದ ಸಾಂಬಾರಿಗೆ ಹೆಚ್ಚು ಉಳಿಯುತ್ತದೆ ಎಂಬುದು ತಿಂಗಳಲ್ಲಿ ಕಾಣುತ್ತದೆ. ಬಿಸಿ ಪಾತ್ರೆಯ ಹತ್ತಿರ ಮಾತ್ರ ಮಕ್ಕಳು ಹೋಗಬಾರದು.

ಗ್ರಂಥಾಲಯ ಮಂತ್ರಿಗೆ ನಾಲ್ಕು ಕಾಲಮ್ಮಿನ ನೋಟ್‌ಬುಕ್: ಪುಸ್ತಕ, ಒಯ್ದವರು, ತಾರೀಕು, ವಾಪಸು. ಬೀರುವಿನ ಕೀಲಿ ಮುಖ್ಯಶಿಕ್ಷಕರ ಜೇಬಿನಲ್ಲಿದ್ದರೆ ಇದಾವುದೂ ನಡೆಯದು. ಪುಸ್ತಕ ಹರಿಯುತ್ತದೆ, ಹರಿಯಲಿ. ಗೋಂದು, ತೆಳು ಕಾಗದ ಪಕ್ಕದಲ್ಲಿಡಿ.

ಕೆಲಸಗಳು ಎರಡು ವಾರಕ್ಕೊಮ್ಮೆ ಕೈ ಬದಲಾಗಲಿ. ಹಳಬ ಹೊಸಬನಿಗೆ ಒಂದು ದಿನ ಜೊತೆಗಿದ್ದು ತೋರಿಸಿಕೊಡಬೇಕು. ಗುಡಿಸುವುದು ಹುಡುಗಿಯರಿಗೆ, ಗಂಟೆ ಬಾರಿಸುವುದು ಹುಡುಗರಿಗೆ ಎಂದಾಗದಂತೆ ಪಟ್ಟಿಯನ್ನು ನೀವು ಕಣ್ಣಿಟ್ಟು ನೋಡಿ. ಶೌಚಾಲಯ ತೊಳೆಯುವ ಕೆಲಸ ಯಾವ ಮಗುವಿಗೂ ಬೇಡ.

ಕೊನೆಯದಾಗಿ ಮಕ್ಕಳ ಗ್ರಾಮಸಭೆ. ಪಂಚಾಯಿತಿಯವರು ಕರೆದಾಗ ಭಾಷಣ ಬಾಯಿಪಾಠ ಮಾಡಿಸಿ ಕಳಿಸುವುದು ರೂಢಿ. ಅದರ ಬದಲು ಸ್ವಚ್ಛತಾ ಮಂತ್ರಿ ತನ್ನ ಪುಸ್ತಕ ಒಯ್ಯಲಿ: ಈ ತಿಂಗಳು ನಲ್ಲಿಯಲ್ಲಿ ನೀರು ಬಾರದ ದಿನಗಳು, ಚಿಲಕ ಮುರಿದಿರುವ ಬಾಗಿಲು ಯಾವುದು. ಬೇಡಿಕೆಯನ್ನು ಎರಡು ಪ್ರತಿ ಬರೆಸಿ, ಒಂದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಇನ್ನೊಂದಕ್ಕೆ ಸಹಿ, ಮೊಹರು ಹಾಕಿಸಿಕೊಂಡು ಬರಲಿ. ತಿಂಗಳಾದರೂ ನಲ್ಲಿ ರಿಪೇರಿಯಾಗದಿದ್ದರೆ ಆ ಪ್ರತಿ ಹಿಡಿದು ಮತ್ತೆ ಹೋಗುವುದೂ ಮಕ್ಕಳೇ. ಜೊತೆಗೆ ನೀವಿರಿ, ಮಾತು ಅವರಾಡಲಿ.