ಕಬ್ಬಿನ ಸಿಪ್ಪೆಯ ಗ್ರಾಫೀನ್‌ಗೆ ಸಾರಜನಕ ಸೇರಿಸಲೋ, ಗಂಧಕ ಸೇರಿಸಲೋ?

ವಿಜಯಪುರದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ. ಕಬ್ಬಿನ ಸಿಪ್ಪೆಯಿಂದ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಮಾಡಿ, ಅದನ್ನೇ ವೇಗವರ್ಧಕವಾಗಿಸಿ, ನೀರಿನಿಂದ ಜಲಜನಕ ಬಿಡಿಸುವ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದೀರಿ. ಸಾರಜನಕವೋ ಗಂಧಕವೋ, ಇಲ್ಲೇ ಇರಲೋ ಬೆಂಗಳೂರಿಗೆ ಹೋಗಲೋ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನಗೆ ನೆನಪಾದದ್ದು ಒಂದು ಗೋಣಿಚೀಲ.

ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಆ ಚೀಲದ ತುಂಬ ಸಿಪ್ಪೆ ತುಂಬಿಕೊಂಡು ಬೆಳಗಾವಿಯ ಬಸ್ ಹತ್ತಿದ್ದೆ. ಕಂಡಕ್ಟರ್ ಲಗೇಜಿಗೆ ಚೀಟಿ ಹರಿಯುತ್ತ, "ದನವೂ ಮೂಸದ ಇದನ್ನು ಎಲ್ಲಿಗೆ ಒಯ್ಯುತ್ತೀರಿ?" ಎಂದು ಕೇಳಿದರು. "ಇದರಿಂದ ಪ್ಲಾಟಿನಂಗೆ ಬದಲಿ ತಯಾರಿಸುತ್ತೇನೆ" ಎಂದೆ. ಅವರು ನಗಲಿಲ್ಲ, ಚಿಲ್ಲರೆ ಎಣಿಸಿ ಕೊಟ್ಟು ಮುಂದಿನ ಸೀಟಿಗೆ ಹೋದರು. ನಾನು ಮಾತ್ರ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ದೊಡ್ಡ ವಿಜ್ಞಾನಿಯಾಗಿದ್ದೆ.

ಸಿಪ್ಪೆಯನ್ನು ತೊಳೆದು, ಒಣಗಿಸಿ, ಅರೆದು, ಸಾರಜನಕಕ್ಕಾಗಿ ಯೂರಿಯಾ ಬೆರೆಸಿ, ನೈಟ್ರೋಜನ್ ಅನಿಲ ಹರಿಯುವ ಕೊಳವೆ ಕುಲುಮೆಯಲ್ಲಿ 800 ಡಿಗ್ರಿಗೆ ಸುಟ್ಟೆ. ಕೈಗೆ ಬಂದದ್ದು ಕಾಡಿಗೆಯಂಥ ಹಗುರ ಪುಡಿ. ಅದನ್ನು 3 ಮಿಲಿಮೀಟರ್ ವ್ಯಾಸದ ಗಾಜಿನಂಥ ಇಂಗಾಲದ ಎಲೆಕ್ಟ್ರೋಡ್ ಮೇಲೆ ಒಂದೇ ಹನಿಯಾಗಿ ಇಟ್ಟು ಒಣಗಿಸಿ, 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿದೆ. ಪಕ್ಕದಲ್ಲಿ ವಿಭವ ಅಳೆಯಲು ರೆಫರೆನ್ಸ್ ಎಲೆಕ್ಟ್ರೋಡ್, ಎದುರಿಗೆ ವಿದ್ಯುತ್ ಮಂಡಲ ಪೂರ್ತಿಗೊಳಿಸುವ ಕೌಂಟರ್ ಎಲೆಕ್ಟ್ರೋಡ್ ಆಗಿ ಒಂದು ಪ್ಲಾಟಿನಂ ತಂತಿ. ಆ ತಂತಿ ಪ್ರಯೋಗಾಲಯದಲ್ಲಿ ನನಗಿಂತ ಹಿರಿಯದು. ಯಾವಾಗಲೂ ಅಲ್ಲೇ ಇರುತ್ತಿದ್ದುದರಿಂದ ಯಾರೂ ಅದರ ಬಗ್ಗೆ ಯೋಚಿಸುತ್ತಿರಲಿಲ್ಲ.

ಮೊದಲ ದಿನದ ಫಲಿತಾಂಶ ನೀರಸ. ಚದರ ಸೆಂಟಿಮೀಟರ್‌ಗೆ 10 ಮಿಲಿಆಂಪಿಯರ್ ಪ್ರವಾಹ ಬರಲು 340 ಮಿಲಿವೋಲ್ಟ್ ಹೆಚ್ಚುವರಿ ವಿದ್ಯುತ್ ಒತ್ತಡ ಬೇಕಾಯಿತು. ಈ ಕೆಲಸದಲ್ಲಿ ಎಲ್ಲಕ್ಕಿಂತ ಚುರುಕಾದ, ಆದರೆ ದುಬಾರಿಯಾದ ಪ್ಲಾಟಿನಂಗೆ ಅದರ ಹತ್ತನೆಯ ಒಂದು ಭಾಗದಷ್ಟೂ ಸಾಕಾಗುತ್ತದೆ. ಬಾಳಿಕೆ ಹೇಗಿದೆ ನೋಡೋಣವೆಂದು ವೋಲ್ಟೇಜನ್ನು ಮತ್ತೆ ಮತ್ತೆ ಏರಿಸಿ ಇಳಿಸುವ ಸೈಕಲ್‌ಗಳನ್ನು ರಾತ್ರಿಯಿಡೀ ಓಡಲು ಬಿಟ್ಟು ಹಾಸ್ಟೆಲ್‌ಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ 3000 ಸೈಕಲ್‌ಗಳ ನಂತರ ಆ 340 ಎಂಬುದು 80ಕ್ಕೆ ಇಳಿದಿತ್ತು. ಬಳಸಿದಷ್ಟೂ ಸವೆಯಬೇಕಾದ ವಸ್ತು ಬಳಸಿದಷ್ಟೂ ಚುರುಕಾಗಿತ್ತು! ನಾನು ಅದಕ್ಕೆ "ಸಕ್ರಿಯಗೊಳ್ಳುವಿಕೆ" ಎಂದು ಹೆಸರಿಟ್ಟೆ. ಸೈಕಲ್ ಓಡಿದಂತೆ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ, ಸಾರಜನಕದ ತಾಣಗಳು ಆಮ್ಲಕ್ಕೆ ಒಡ್ಡಿಕೊಳ್ಳುತ್ತವೆ ಎಂದು ಎರಡು ಪುಟ ವಿವರಣೆಯನ್ನೂ ಹೆಣೆದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ನಾನು ಕಟ್ಟಿದ್ದಷ್ಟೇ ಅಲ್ಲ, ಹಾಲು ಕರೆಯಲು ತಂಬಿಗೆಯನ್ನೂ ಹಿಡಿದು ಕುಳಿತಿದ್ದೆ. ಮಾರ್ಗದರ್ಶಕರು ಇಡೀ ವಿಭಾಗಕ್ಕೆ ಕುಂದಾ ಹಂಚಿದರು.

ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಎಲೆಕ್ಟ್ರೋಡ್‌ಗಳ ಆಟದಲ್ಲಿ ಒಂದು ಕಡೆ ಎಷ್ಟು ಪ್ರವಾಹ ಹರಿಯುತ್ತದೆಯೋ ಇನ್ನೊಂದು ಕಡೆಯೂ ಅಷ್ಟೇ ಹರಿಯಬೇಕು. ನನ್ನ ಪುಡಿಯ ಮೇಲೆ ಜಲಜನಕ ಬಿಡುಗಡೆಯಾಗುತ್ತಿದ್ದಾಗ ಎದುರಿನ ತಂತಿಯ ಮೇಲೆ ಆಮ್ಲಜನಕ ಬಿಡುಗಡೆಯಾಗುತ್ತಿತ್ತು. ಅದಕ್ಕಾಗಿ ಉಪಕರಣ ಆ ತಂತಿಯನ್ನು ಬಹಳ ಎತ್ತರದ ವಿಭವಕ್ಕೆ ತಳ್ಳುತ್ತದೆ. ಅಲ್ಲಿ ಪ್ಲಾಟಿನಂ ಕೂಡ ಉತ್ಕರ್ಷಣೆಗೊಂಡು ಚೂರು ಚೂರೇ ಆಮ್ಲದಲ್ಲಿ ಕರಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ತಂತಿ ತೆಳುವಾಗುವುದಿಲ್ಲ, ದ್ರಾವಣದ ಬಣ್ಣವೂ ಬದಲಾಗುವುದಿಲ್ಲ. ಕರಗಿದ ಅಯಾನುಗಳು ಅಲೆದಾಡಿ ನನ್ನ ಪುಡಿಯನ್ನು ತಲುಪುತ್ತವೆ. ಅಲ್ಲಿ ಇರುವುದೆಲ್ಲ ಅಪಕರ್ಷಣೆ, ಹಾಗಾಗಿ ಅವು ಮತ್ತೆ ಲೋಹವಾಗಿ ಅಂಟಿಕೊಳ್ಳುತ್ತವೆ. ಸರಳವಾಗಿ ಹೇಳುವುದಾದರೆ, ರಾತ್ರಿಯಿಡೀ ನಾನು ನನ್ನ ಇಂಗಾಲಕ್ಕೆ ಪ್ಲಾಟಿನಂ ಲೇಪ ಹಾಕುತ್ತಿದ್ದೆ. ಎಷ್ಟು ಬೇಕು? ನನ್ನ ಎಲೆಕ್ಟ್ರೋಡ್‌ನ ವಿಸ್ತೀರ್ಣ 0.07 ಚದರ ಸೆಂಟಿಮೀಟರ್. ಅದರ ಮೇಲೆ ಒಂದೇ ಒಂದು ಮೈಕ್ರೋಗ್ರಾಂ ಕುಳಿತರೆ ಚದರ ಸೆಂಟಿಮೀಟರ್‌ಗೆ 14 ಮೈಕ್ರೋಗ್ರಾಂ ಆಯಿತು. ಅಷ್ಟು ಪ್ಲಾಟಿನಂ ಇದ್ದರೆ ಕೆಳಗೆ ಗ್ರಾಫೀನ್ ಇದ್ದರೇನು, ಒಲೆಯ ಮಸಿ ಇದ್ದರೇನು?

ಸುಳಿವು ನನ್ನ ಮುಂದೆಯೇ ಬಿದ್ದಿತ್ತು. ಪ್ರವಾಹ ಹತ್ತುಪಟ್ಟಾಗಲು ಇನ್ನೆಷ್ಟು ವೋಲ್ಟೇಜ್ ಬೇಕೆಂದು ಹೇಳುವ ಟಾಫೆಲ್ ಇಳಿಜಾರು ಮೊದಲು 110 ಇದ್ದದ್ದು ಕೊನೆಗೆ 32 ಮಿಲಿವೋಲ್ಟ್‌ಗೆ ಬಂದಿತ್ತು. ಆಮ್ಲದಲ್ಲಿ 30ರ ಆಸುಪಾಸಿನ ಇಳಿಜಾರು ಎಂದರೆ ಪ್ಲಾಟಿನಂನ ಸಹಿ ಇದ್ದಂತೆ. ನಾನು ಆ ಸಹಿಯನ್ನು ನೋಡಿ, "ನಮ್ಮ ವಸ್ತು ಪ್ಲಾಟಿನಂಗೆ ಸರಿಸಮ" ಎಂದು ಬರೆದೆ.

ಸಂಶೋಧನಾ ಪತ್ರಿಕೆಯೊಂದಕ್ಕೆ ಪ್ರಬಂಧ ಕಳಿಸಿದ ಮೂರು ತಿಂಗಳಿಗೆ ವಿಮರ್ಶಕರೊಬ್ಬರಿಂದ ಒಂದೇ ಸಾಲು ಬಂತು: ಕೌಂಟರ್ ಯಾವುದು, ಗ್ರಾಫೈಟ್ ಕಡ್ಡಿ ಇಟ್ಟು ಮತ್ತೊಮ್ಮೆ ಅಳೆಯಿರಿ. ಇಟ್ಟು ಅಳೆದೆ. 5000 ಸೈಕಲ್ ಆದರೂ 340 ಎಂಬುದು 340ರ ಹತ್ತಿರವೇ ನಿಂತಿತು. ಹಳೆಯ ಎಲೆಕ್ಟ್ರೋಡನ್ನು, ಮೇಲ್ಮೈಯಲ್ಲಿರುವ ಧಾತುಗಳನ್ನು ಎಕ್ಸ್-ಕಿರಣದಿಂದ ಗುರುತಿಸುವ ಎಕ್ಸ್‌ಪಿಎಸ್ ಪರೀಕ್ಷೆಗೆ ಕಳಿಸಿದಾಗ 71 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಪ್ಲಾಟಿನಂನ ಶಿಖರ ಸ್ಪಷ್ಟವಾಗಿ ಎದ್ದು ನಿಂತಿತ್ತು. ಒಂದು ವರ್ಷ ನಾಲ್ಕು ತಿಂಗಳ ಕೆಲಸ ಹೋಯಿತು. ಫೆಲೋಶಿಪ್ ಮುಗಿಯಿತು. ಉಳಿದ ಚೂರುಪಾರುಗಳನ್ನು ಜೋಡಿಸಿ ಒಂದು ತೆಳ್ಳನೆಯ ಪಿಎಚ್.ಡಿ. ಮಹಾಪ್ರಬಂಧ ಬರೆದು ಪದವಿ ಪಡೆದೆ. ಈಗ ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಕಬ್ಬಿನ ರಸದ ಬ್ರಿಕ್ಸ್, ಪೋಲ್ (ಕರಗಿದ ಘನಾಂಶ, ಸಕ್ಕರೆಯ ಅಂಶ) ಅಳೆಯುತ್ತೇನೆ. ಹಂಗಾಮಿನಲ್ಲಿ ರಾತ್ರಿ ಪಾಳಿಯೂ ಇರುತ್ತದೆ.

ಆದ್ದರಿಂದ ಸಾರಜನಕವೋ ಗಂಧಕವೋ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ರಸಾಯನ ವಿಜ್ಞಾನಿ ಮಾರ್ಟಿನ್ ಪುಮೆರಾ ಮತ್ತು ಸಂಗಡಿಗರು 2020ರಲ್ಲಿ ಗ್ರಾಫೀನ್‌ಗೆ ಹಕ್ಕಿಯ ಹಿಕ್ಕೆ ಬೆರೆಸಿ ತೋರಿಸಿದರು. ಏನೂ ಬೆರೆಸದ ಗ್ರಾಫೀನ್‌ಗಿಂತ ಅದು ಚೆನ್ನಾಗಿಯೇ ಕೆಲಸ ಮಾಡಿತು. ಅವರು ಅದನ್ನು ಮಾಡಿದ್ದು, ಗ್ರಾಫೀನ್‌ಗೆ ಏನಾದರೊಂದು ಬೆರೆಸಿ ಚುರುಕಾಯಿತೆಂದು ಬರೆಯುವ ನಮ್ಮಂಥವರನ್ನು ಅಣಕಿಸಲೆಂದೇ. ಸಾರಜನಕ ಬೆರೆಸಿದ ಇಂಗಾಲಕ್ಕೆ ಬೆಲೆಯಿಲ್ಲ ಎಂದಲ್ಲ. ಇಂಧನ ಕೋಶದಲ್ಲಿ ಆಮ್ಲಜನಕವನ್ನು ಅಪಕರ್ಷಿಸುವ ಕೆಲಸಕ್ಕೆ, ಅದರಲ್ಲೂ ಕ್ಷಾರದಲ್ಲಿ, ಅದು ನಿಜವಾಗಿಯೂ ಚೆನ್ನಾಗಿದೆ. ಆಮ್ಲದಲ್ಲಿ ಜಲಜನಕ ಬಿಡಿಸುವುದಕ್ಕೆ ಬರೀ ಇಂಗಾಲವನ್ನು ನಂಬಿ ಐದು ವರ್ಷ ಕೊಡಬೇಡಿ.

ಇನ್ನು ಆ "ಗ್ರಾಫೀನ್" ಎಂಬ ಮಾತು. ಸುಟ್ಟ ಸಿಪ್ಪೆ ಇದ್ದಿಲು. ಚದುರಿದ ಬೆಳಕಿನಿಂದ ವಸ್ತುವನ್ನು ಗುರುತಿಸುವ ರಾಮನ್ ರೋಹಿತದಲ್ಲಿ 2700ರ ಹತ್ತಿರ ಚೂಪಾದ ಶಿಖರ ಕಾಣದೆ, 1350 ಮತ್ತು 1580ರಲ್ಲಿ ಎರಡು ಅಗಲವಾದ ದಿಬ್ಬಗಳಷ್ಟೇ ಕಂಡರೆ ಅದನ್ನು ಇಂಗಾಲ ಎಂದೇ ಕರೆಯಿರಿ. ಗ್ರಾಫೈಟನ್ನು ಪರ್ಮಾಂಗನೇಟ್‌ನಿಂದ ಉತ್ಕರ್ಷಿಸುವ ಹಮ್ಮರ್ಸ್ ವಿಧಾನದಿಂದ ಮಾಡುತ್ತೀರಾದರೆ ಪರ್ಮಾಂಗನೇಟ್‌ನ ಮ್ಯಾಂಗನೀಸ್ ಒಳಗೆ ಉಳಿದು "ಲೋಹರಹಿತ" ಎಂಬ ಶೀರ್ಷಿಕೆಯನ್ನೇ ಸುಳ್ಳು ಮಾಡಬಹುದು. ಸಿಪ್ಪೆ ತ್ಯಾಜ್ಯ ಎಂದೂ ಬರೆದಿದ್ದೀರಿ. ನಮ್ಮ ಬಾಯ್ಲರ್ ಮನೆಯಲ್ಲಿ ಈ ಮಾತು ಆಡಿದರೆ ಬೈಸಿಕೊಳ್ಳುತ್ತೀರಿ. ಒಂದು ಟನ್ ಕಬ್ಬು ಅರೆದರೆ 300 ಕಿಲೋ ಹತ್ತಿರ ಬರುವ ಆ ಸಿಪ್ಪೆಯೇ ಕಾರ್ಖಾನೆಯನ್ನು ಓಡಿಸುತ್ತದೆ, ಮಿಕ್ಕ ವಿದ್ಯುತ್ ಗ್ರಿಡ್‌ಗೆ ಹೋಗುತ್ತದೆ.

ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ನಿಮ್ಮ ಸಂಖ್ಯೆಯನ್ನು ನಂಬದೆ ತಾವೇ ಮತ್ತೊಮ್ಮೆ ಅಳೆಯುವ ಒಬ್ಬರು ಎಲ್ಲಿದ್ದಾರೋ ಅಲ್ಲಿಗೆ ಹೋಗಿ, ಅದು ಬೆಳಗಾವಿಯಾದರೂ ಸರಿ. ಗ್ರಾಫೈಟ್ ಕಡ್ಡಿಯನ್ನು ಮಾತ್ರ ಶುದ್ಧವಾದದ್ದನ್ನೇ ಕೊಳ್ಳಿ. ದುಡ್ಡು ಉಳಿಸಲೆಂದು ನಾನು ಅಪ್ಪನ ಟಾರ್ಚಿನ ಹಳೆಯ ಶೆಲ್ ಒಡೆದು ಕಡ್ಡಿ ತೆಗೆದಿದ್ದೆ. ಅದರ ಮೈತುಂಬ ಮ್ಯಾಂಗನೀಸ್ ಡೈಆಕ್ಸೈಡ್ ಮೆತ್ತಿಕೊಂಡಿತ್ತು. ಆ ಕಥೆಯಲ್ಲಿ ಇನ್ನೂ ಎರಡು ವಾರ ಹೋದವು.