ಪ್ರತಿಕ್ರಿಯೆ: ಸಾಮಾನ್ಯ ಬಿ.ಎಡ್. ಮೇಲೆ ವಿಶೇಷ ಶಿಕ್ಷಣದ ಎಂ.ಎಡ್.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಕಲಿಸುತ್ತಿರುವ ನೀವು, ಸಾಮಾನ್ಯ ಬಿ.ಎಡ್. ಇಟ್ಟುಕೊಂಡು ವಿಶೇಷ ಶಿಕ್ಷಣದ (ನ್ಯೂನತೆಯಿರುವ ಮಕ್ಕಳಿಗೆ ಕಲಿಸುವ) ಎಂ.ಎಡ್.ಗೆ ಸೇರಬಹುದೇ ಎಂದು ಕೇಳಿದ್ದೀರಿ. ನೇರವಾಗಿ ಆಗದು. ವಿಶೇಷ ಶಿಕ್ಷಣದ ಬಿ.ಎಡ್. ಬೇಕು, ಇಲ್ಲವೇ ಈಗಿನ ಬಿ.ಎಡ್. ಜೊತೆಗೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್.ಸಿ.ಐ., ಇಂಥ ಕೋರ್ಸುಗಳನ್ನು ಮಾನ್ಯಮಾಡಿ ವಿಶೇಷ ಶಿಕ್ಷಕರನ್ನು ನೋಂದಾಯಿಸುವ ಕೇಂದ್ರ ಸಂಸ್ಥೆ) ಮಾನ್ಯತೆ ಇರುವ ವಿಶೇಷ ಶಿಕ್ಷಣ ಡಿಪ್ಲೊಮಾ ಬೇಕು. ಎಂ.ಎಡ್. 2 ವರ್ಷದ್ದು. ಅದನ್ನು ಪ್ರಾಥಮಿಕ, ಪ್ರೌಢ ಎಂದಲ್ಲ, ನ್ಯೂನತೆಯ ಬಗೆಯ ಮೇಲೆ ವಿಂಗಡಿಸುತ್ತಾರೆ: ಶ್ರವಣದೋಷಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೌದ್ಧಿಕ ನ್ಯೂನತೆಗೆ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ.

ನನ್ನನ್ನು ಕೇಳಿದರೆ ಮೈಸೂರು. ಅಲ್ಲಿ ಸುತ್ತಲೂ ಕನ್ನಡವಿದೆ, ನಮ್ಮ ಗಡಿನಾಡಿನಲ್ಲಿ ಕೊರತೆಯಿರುವುದೂ ಮಕ್ಕಳನ್ನು ಕನ್ನಡದಲ್ಲಿ ಪರೀಕ್ಷಿಸಬಲ್ಲವರದ್ದೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಮಗುವಿನ ಮುಂದೆ ಬುದ್ಧಿ ಪರೀಕ್ಷೆಗೆಂದು ಚಿತ್ರಪಟ ಹಿಡಿದು ಮಲಯಾಳದಲ್ಲಿ ಪ್ರಶ್ನೆ ಕೇಳಿದರೆ ಅದು ಬಾಯಿಬಿಡುವುದಿಲ್ಲ. ಭಾಷೆ ತಿಳಿಯದ ಆ ಮೌನ ವರದಿಯಲ್ಲಿ ಬುದ್ಧಿಯ ಕೊರತೆಯಾಗಿ ಇಳಿಯಬಹುದು. ಎಂ.ಎಡ್. ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? (ಮಾರ್ಗದರ್ಶಕರು ಒಪ್ಪಬೇಕು, ಅದು ಬೇರೆ ಮಾತು.)

ಶುಲ್ಕ ಕಟ್ಟುವ ಮೊದಲು ಆ ಕೋರ್ಸಿನ ಹೆಸರು ಪರಿಷತ್ತಿನ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ. ಏಜೆಂಟರ ಬಾಯಿಮಾತು ನಂಬಬೇಡಿ; ಪರಿಷತ್ತಿನ ನೋಂದಣಿ ಸಂಖ್ಯೆ ಸಿಗದಿದ್ದರೆ ಪದವಿ ಕೈಯಲ್ಲಿದ್ದರೂ ವಿಶೇಷ ಶಿಕ್ಷಕರ ಹುದ್ದೆ ಸಿಗುವುದಿಲ್ಲ.